ಕಾರಿಗೆ ಹಾರ್ಡ್ ಡಿಸ್ಕ್ ಪ್ಲೇಯರ್: ರಿಯೋ ಕಾರ್, ಮ್ಯೂಸಿಕ್ ಕೆಗ್, ಐಪಾಡ್, ಯುಎಸ್‌ಬಿ ಡಿಸ್ಕ್. ಯಾವುದನ್ನು ತರಿಸಲಿ?

ಹಳೇ ಎಸ್ಟೀಮ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ ಬಿಟ್ಟುಹೋದ ಕ್ಯಾಸೆಟ್‌ಗಳು ಸುಮಾರು 400 ಇವೆ. ಭಾವಗೀತೆ, ಹಳೇ ಸಿನಿಮಾ ಹಾಡು, ಹಿಂದೂಸ್ತಾನಿ, ಒಂದಷ್ಟು ಯಕ್ಷಗಾನ. ಎರಡು ವರ್ಷ ಕೂತು ಎಲ್ಲವನ್ನೂ ಕಂಪ್ಯೂಟರ್‌ಗೆ ಇಳಿಸಿದೆ. ಫ್ಲ್ಯಾಕ್‌ನಲ್ಲಿ ಇಟ್ಟಿದ್ದೇನೆ (ದನಿ ಸ್ವಲ್ಪವೂ ಕಳೆಯದ ದೊಡ್ಡ ಫೈಲ್ ರೂಪ), 120 ಜಿಬಿ ಆಯಿತು. ಅಮ್ಮ ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಹೋಗಿಬರುತ್ತೇನೆ. ಆ ದಾರಿಯಲ್ಲಿ ಇವನ್ನು ಕೇಳಬೇಕು ಅನ್ನುವುದೊಂದೇ ಆಸೆ.

ಕಾರು ಮಾರುತಿ ಎಸ್ಟೀಮ್. ಡ್ಯಾಶ್‌ಬೋರ್ಡ್‌ನಲ್ಲಿ ಒಂದೇ ಡಿನ್ ಜಾಗ, ಅಂದರೆ ಒಂದು ಸ್ಟೀರಿಯೋ ಕೂರುವ ಮಾಮೂಲಿ ಅಳತೆಯ ಕಿಂಡಿ. ಅದರಲ್ಲಿರುವ ಸಿಡಿ ಪ್ಲೇಯರ್ ಕೆಟ್ಟು ಕೂತಿದೆ. ಚಿಕ್ಕಪ್ಪನ ಮಗ ಅಮೆರಿಕದಿಂದ ಬರುವವನಿದ್ದಾನೆ, ಹಳೇ ಹಾರ್ಡ್ ಡಿಸ್ಕ್ ಪ್ಲೇಯರ್ ಯಾವುದಾದರೂ ಸಿಕ್ಕರೆ ತರುತ್ತೇನೆ ಅಂದಿದ್ದಾನೆ. ರಿಯೋ ಕಾರ್, ಕೆನ್‌ವುಡ್ ಮ್ಯೂಸಿಕ್ ಕೆಗ್, ಐಪಾಡ್ ಕ್ಲಾಸಿಕ್, ಇಲ್ಲವೇ ಹೊಸ ಸ್ಟೀರಿಯೋ ಹಾಕಿಸಿ ಅದಕ್ಕೊಂದು ಯುಎಸ್‌ಬಿ ಹಾರ್ಡ್ ಡಿಸ್ಕ್. ಇವುಗಳಲ್ಲಿ ಯಾವುದು ಬಾಳಿಕೆ ಬರುತ್ತೆ? ಬಳಸಿದವರು ಹೇಳಿ.

ಬೇ ಏರಿಯಾ ಮಾವ

ನಿಮ್ಮ ಪೋಸ್ಟ್ ಓದಿ ತುಂಬಾ ಖುಷಿಯಾಯಿತು. ರಿಯೋ ಕಾರ್ ನನ್ನ ಹತ್ತಿರ ಇತ್ತು. ಅದರ ಮೂಲ ಹೆಸರು ಎಂಪೆಗ್. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಒಂದು ಪುಟ್ಟ ಕಂಪನಿ 1999ರಲ್ಲಿ ಅದನ್ನು ಮಾರಲು ಶುರು ಮಾಡಿತು. 2000ದಲ್ಲಿ ಸೋನಿಕ್‌ಬ್ಲೂ ಆ ಕಂಪನಿಯನ್ನು ಕೊಂಡು ಹೆಸರನ್ನು ರಿಯೋ ಕಾರ್ ಅಂತ ಬದಲಾಯಿಸಿತು. 2001ರಲ್ಲೇ ತಯಾರಿಕೆ ನಿಂತಿತು. ಎಷ್ಟು ಬೇಗ ಬಂತೋ ಅಷ್ಟೇ ಬೇಗ ಹೋಯಿತು. ಆಮೇಲೆ ಬಂದ ಎಷ್ಟೋ ಪ್ಲೇಯರ್‌ಗಳಲ್ಲಿ ಅದರಲ್ಲಿದ್ದ ಬುದ್ಧಿ ನನಗೆ ಕಾಣಲಿಲ್ಲ.

ಒಳಗಡೆ ಅದು ಲಿನಕ್ಸ್ ನಡೆಸುವ ಒಂದು ಸಣ್ಣ ಕಂಪ್ಯೂಟರ್. ಸ್ಟ್ರಾಂಗ್‌ಆರ್ಮ್ ಚಿಪ್, ಲ್ಯಾಪ್‌ಟಾಪ್‌ಗೆ ಹಾಕುವ ಎರಡೂವರೆ ಇಂಚಿನ ಡಿಸ್ಕ್ ಒಂದು ಅಥವಾ ಎರಡು. ನಿಮ್ಮ ಡಿನ್ ಜಾಗದಲ್ಲೇ ಕೂರುತ್ತೆ. ಹಿಡಿ ಎಳೆದರೆ ಇಡೀ ಪೆಟ್ಟಿಗೆ ಕೈಗೆ ಬರುತ್ತೆ. ಮನೆಗೆ ತಂದು, ಕಂಪ್ಯೂಟರ್‌ಗೆ ಸಿಕ್ಕಿಸಿ ಹಾಡು ತುಂಬಿ, ಬೆಳಿಗ್ಗೆ ಮತ್ತೆ ಕಾರಿಗೆ. ಮುಂದೆ ಒಂದು ಗುಂಡಿ, ಅದನ್ನೇ ತಿರುಗಿಸಿ, ಒತ್ತಿ ಎಲ್ಲ ಮಾಡಬಹುದು. ಇಂಜಿನ್ ಆಫ್ ಮಾಡಿ ಮರುದಿನ ಕೀ ತಿರುಗಿಸಿದರೆ ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಮುಕ್ಕಾಲು ಗಂಟೆಯ ರಾಗವನ್ನು ಅರ್ಧಕ್ಕೆ ಬಿಟ್ಟು ಪೆಟ್ರೋಲ್ ಹಾಕಿಸಲು ಇಳಿದವರಿಗೆ ಇದರ ಬೆಲೆ ಗೊತ್ತು.

ಆದರೆ ನಿಮಗೆ ಎರಡು ತೊಂದರೆ ಹೇಳಲೇಬೇಕು. ಒಂದು, ಅದರಲ್ಲಿ ಆಂಪ್ಲಿಫೈಯರ್ ಇಲ್ಲ. ಆಂಪ್‌ಗೆ ಕೊಡುವ ಸಣ್ಣ ಸಿಗ್ನಲ್, ಅಂದರೆ ಲೈನ್ ಔಟ್ ಮಾತ್ರ. ಸ್ಪೀಕರ್ ತಂತಿ ನೇರ ಹಾಕಲು ಬರಲ್ಲ, ಬೇರೆ ಆಂಪ್ ಇಡಲೇಬೇಕು. ಎರಡು, ಅದರ ಡಿಸ್ಕ್‌ಗಳಿಗೆ ಈಗ 20 ವರ್ಷಕ್ಕೂ ಜಾಸ್ತಿ ವಯಸ್ಸು. ತಂದ ದಿನವೇ ಬದಲಾಯಿಸಬೇಕು ಅಂದುಕೊಂಡೇ ತರಿಸಿ.

ವೈರಿಂಗ್ ಮೇಷ್ಟ್ರು

ಮಾವ ಹೇಳಿದ ಮಾತಿಗೆ ಒಂದು ಸೇರಿಸುತ್ತೇನೆ. ಕಾರಿಗೆಂದೇ ಮಾಡಿದ ಪ್ಲೇಯರ್ ಬೇರೆ, ಮನೆಯ ಪ್ಲೇಯರನ್ನು ಕಾರಿಗೆ ತಂದಿಡುವುದು ಬೇರೆ. ವ್ಯತ್ಯಾಸ ಶುರುವಾಗುವುದೇ ಕರೆಂಟಿನಲ್ಲಿ.

ಸೆಲ್ಫ್ ಹೊಡೆದಾಗ ಬ್ಯಾಟರಿ 12 ವೋಲ್ಟ್‌ನಿಂದ 8ಕ್ಕೆ, ಬ್ಯಾಟರಿ ಹಳೆಯದಾಗಿದ್ದರೆ ಅದಕ್ಕೂ ಕೆಳಗೆ ಇಳಿಯುತ್ತೆ. ಆ ಕ್ಷಣದಲ್ಲಿ ಡಿಸ್ಕ್ ತಿರುಗುತ್ತಿದ್ದರೆ ಅದಕ್ಕೆ ಕರೆಂಟ್ ಸಾಲದೆ ನಿಲ್ಲುತ್ತೆ, ಮತ್ತೆ ಏಳುತ್ತೆ. ದಿನಕ್ಕೆ ಹತ್ತು ಸಲ ಹೀಗಾದರೆ ಯಾವ ಡಿಸ್ಕ್ ತಡೆಯುತ್ತೆ ಹೇಳಿ. ಆದ್ದರಿಂದ ಹಳದಿ ತಂತಿ ಬ್ಯಾಟರಿಗೆ ನೇರ ಹೋಗಬೇಕು, ಕೆಂಪು ತಂತಿ ಕೀಗೆ. ಪ್ಲೇಯರ್ ಕೆಂಪು ತಂತಿ ನೋಡಿ, ಕೀ ತೆಗೆದದ್ದು ತಿಳಿದು, ಡಿಸ್ಕನ್ನು ತಾನೇ ಮಲಗಿಸಬೇಕು. ಸಿಗರೇಟ್ ಲೈಟರ್ ಸಾಕೆಟ್‌ಗೆ ಚಾರ್ಜರ್ ಸಿಕ್ಕಿಸಿ ಅದಕ್ಕೆ ಯುಎಸ್‌ಬಿ ಡಿಸ್ಕ್ ಹಾಕಿದರೆ ಈ ಯಾವ ರಕ್ಷಣೆಯೂ ಇರಲ್ಲ.

ಐಪಾಡ್‌ಗೆ ಇಲ್ಲಿ ಒಂದು ಅನುಕೂಲ ಇದೆ. ಒಳಗೇ ಬ್ಯಾಟರಿ ಇರುವುದರಿಂದ ಸೆಲ್ಫ್ ಹೊಡೆದರೂ ಅದಕ್ಕೆ ಏನೂ ಗೊತ್ತಾಗಲ್ಲ.

ಇನ್ನೊಂದು ಮಾತು. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರ್‌ನಲ್ಲಿ ಕುಯ್ಯ್ ಅಂತ ಏರುವ ಸದ್ದು ಬಂದರೆ ಪ್ಲೇಯರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಆಲ್ಟರ್ನೇಟರ್ ಸದ್ದು, ಗ್ರೌಂಡ್ ಎರಡು ಕಡೆ ಸಿಕ್ಕಿದ್ದರಿಂದ ಬರುವುದು. ಪ್ಲೇಯರ್ ಮತ್ತು ಆಂಪ್ ಎರಡರ ಗ್ರೌಂಡನ್ನೂ ಒಂದೇ ಬೋಲ್ಟ್‌ಗೆ ಕೊಡಿ. ಬಣ್ಣ ಕೆರೆದು ಕೊಡಿ.

ನಾಲ್ಕನೇ ಗೇರ್

ನಾನು ನ್ಯೂಜೆರ್ಸಿಯಲ್ಲಿದ್ದಾಗ ಮ್ಯೂಸಿಕ್ ಕೆಗ್ ಬಳಸಿದ್ದೇನೆ, ಈಗ ಮೈಸೂರಿನಲ್ಲಿದ್ದೇನೆ. ಅದನ್ನು ಮಾಡಿದ್ದು ಲಾಸ್ ಏಂಜಲೀಸ್‌ನ ಫ್ಯಾಟ್‌ನಾಯ್ಸ್ ಕಂಪನಿ. ಅವರ ಸ್ವಂತ ಹೆಸರಿನಲ್ಲಿ ಅದು ಫ್ಯಾಟ್‌ಬಾಕ್ಸ್. ಕೆನ್‌ವುಡ್ ಸ್ಟೀರಿಯೋ ಇದ್ದವರಿಗೆ ಅದೇ ಪೆಟ್ಟಿಗೆ ಮ್ಯೂಸಿಕ್ ಕೆಗ್ ಆಗಿ ಬಂತು.

ಅದರ ಉಪಾಯ ನನಗೆ ಈಗಲೂ ಮೆಚ್ಚುಗೆ. ಆಗಿನ ಕಾರುಗಳಲ್ಲಿ ಡಿಕ್ಕಿಯಲ್ಲಿ ಹಲವು ಸಿಡಿಗಳನ್ನು ತಾನೇ ಬದಲಿಸುವ ಚೇಂಜರ್ ಇರುತ್ತಿತ್ತಲ್ಲ, ಆ ತಂತಿಗೆ ಇದನ್ನು ಸಿಕ್ಕಿಸುವುದು. ಮುಂದಿರುವ ಸ್ಟೀರಿಯೋ ಇದನ್ನು ಚೇಂಜರ್ ಅಂತಲೇ ನಂಬುತ್ತೆ. ಡಿಸ್ಕ್ ಇರುವುದು ಒಂದು ಕಾರ್ಟ್ರಿಡ್ಜ್‌ನಲ್ಲಿ. ಅದನ್ನಷ್ಟೇ ಕಿತ್ತು ಮನೆಗೆ ತಂದು ತೊಟ್ಟಿಲಿನಂಥ ಡಾಕ್‌ನಲ್ಲಿಟ್ಟು ಯುಎಸ್‌ಬಿಯಲ್ಲಿ ಹಾಡು ತುಂಬಬೇಕು.

ಎಲ್ಲಕ್ಕಿಂತ ದೊಡ್ಡದು ಅದರ ದನಿ. ಸ್ಟೀರಿಯೋದ ಬಟನ್ ಒತ್ತಿದರೆ ಅದು ಹಾಡುಗಳ ಪಟ್ಟಿಯ ಹೆಸರನ್ನು ಓದಿ ಹೇಳುತ್ತಿತ್ತು. ಪರದೆ ನೋಡುವ ಕೆಲಸವೇ ಇಲ್ಲ. ಕಣ್ಣು ರಸ್ತೆ ಮೇಲೆ, ಕೈ ಸ್ಟೀರಿಂಗ್ ಮೇಲೆ. ಕನ್ನಡದ ಹೆಸರುಗಳನ್ನು ಮಾತ್ರ ಆ ಇಂಗ್ಲಿಷ್ ದನಿ ಹೇಳಿದಾಗ ಗುರುತು ಸಿಗುತ್ತಿರಲಿಲ್ಲ. ನಾನು ಪಟ್ಟಿಗಳಿಗೆ ಮಾರ್ನಿಂಗ್, ರೇನ್, ಊರು ಅಂತ ಸಣ್ಣ ಹೆಸರು ಇಟ್ಟುಕೊಂಡೆ. ಆಮೇಲೆ ಕಷ್ಟವಾಗಲಿಲ್ಲ.

ಆದರೆ ನಿಮ್ಮ ಎಸ್ಟೀಮ್‌ಗೆ ಇದು ಬೇಡ. ಅದಕ್ಕೆ ಹೊಂದುವ ಹಳೇ ಕೆನ್‌ವುಡ್ ಸ್ಟೀರಿಯೋ ಬೇಕು, ಕೇಬಲ್ ಬೇಕು, ಡಾಕ್ ಬೇಕು, ಹಾಡು ತುಂಬುವ ಹಳೇ ಸಾಫ್ಟ್‌ವೇರ್ ಬೇಕು. ಒಂದು ತಪ್ಪಿದರೂ ಉಳಿದದ್ದು ಉಪಯೋಗಕ್ಕೆ ಬರಲ್ಲ. ಕಾರ್ಟ್ರಿಡ್ಜ್ ಕೂಡ ಬೇರೆ ಡಿಸ್ಕನ್ನು ಸುಲಭಕ್ಕೆ ಒಪ್ಪುತ್ತಿರಲಿಲ್ಲ.

ಬೇ ಏರಿಯಾ ಮಾವ

ನಾಲ್ಕನೇ ಗೇರ್ ಅವರೇ, ಆ ದನಿಯ ವಿಷಯ ಮರೆತೇ ಹೋಗಿತ್ತು, ಬಹಳ ಒಳ್ಳೆಯ ನೆನಪು. ಆ ಕಾಲದ ಇನ್ನೆರಡು ಹೆಸರು ಇಲ್ಲೇ ಸೇರಿಸುತ್ತೇನೆ. ಸೋನಿಯ ಎಂಇಎಕ್ಸ್-1ಎಚ್‌ಡಿ ಅಂತ ಒಂದಿತ್ತು, 10 ಜಿಬಿ ಡಿಸ್ಕ್. ಸಿಡಿ ಹಾಕಿದರೆ ಕಾರಿನಲ್ಲೇ ಅದನ್ನು ಸೋನಿಯ ಸ್ವಂತ ಫೈಲ್ ರೂಪವಾದ ಅಟ್ರ್ಯಾಕ್‌ನಲ್ಲಿ ಡಿಸ್ಕ್‌ಗೆ ಇಳಿಸಿಕೊಳ್ಳುತ್ತಿತ್ತು. ಸಿಡಿ ರಾಶಿ ಇದ್ದವರಿಗೆ ಸರಿ, ನಿಮ್ಮ ಹಾಗೆ ಫೈಲ್ ಇಟ್ಟುಕೊಂಡವರಿಗಲ್ಲ. ಇನ್ನೊಂದು 2003ರ ಆಮ್ನಿಫೈ. 20 ಜಿಬಿ ಡಿಸ್ಕ್ ಜೊತೆಗೆ ವೈಫೈ. ರಾತ್ರಿ ಕಾರು ಗ್ಯಾರೇಜಿನಲ್ಲಿ ನಿಂತಾಗ ಮನೆಯ ಕಂಪ್ಯೂಟರ್ ಗಾಳಿಯಲ್ಲೇ ಹಾಡು ಕಳಿಸಬೇಕು ಅನ್ನುವುದು ಅವರ ಯೋಚನೆ. ಮನೆಗೆ ಅಂಟಿಕೊಂಡ ಗ್ಯಾರೇಜ್ ಇರುವ ಅಮೆರಿಕದ ಮನೆಗೆ ಹೊಂದುವ ಯೋಚನೆ ಅದು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಕಾರು ನಿಲ್ಲಿಸುವವರಿಗೆ ಸಿಗ್ನಲ್ ಎಲ್ಲಿಂದ ಬರಬೇಕು?

ರೀಲು ರಮ್ಮಿ

ಮೊಬೈಲ್‌ಗೆ ಒಂದು ಮೆಮೊರಿ ಕಾರ್ಡ್ ಹಾಕಿ ಬ್ಲೂಟೂತ್ ಕೊಟ್ಟರೆ ಆಗಲ್ವಾ?

ಹಳೇ ಎಸ್ಟೀಮ್

ಆಗುತ್ತೆ, ಮಾಡಿಯೂ ನೋಡಿದೆ. ಸಕಲೇಶಪುರ ದಾಟುವ ಹೊತ್ತಿಗೆ ಯಾರದಾದರೂ ಫೋನ್ ಬರುತ್ತೆ, ಹಾಡು ನಿಲ್ಲುತ್ತೆ. ಹಾಡಿಗೆ ಬೇರೆಯದೇ ಒಂದು ಪೆಟ್ಟಿಗೆ ಇರಲಿ ಅನ್ನಿಸುತ್ತೆ. ಅಮ್ಮನಿಗೂ ಮೊಬೈಲ್ ಪರದೆ ಮುಟ್ಟಲು ಇಷ್ಟ ಇಲ್ಲ, ಗುಂಡಿ ಇದ್ದರೆ ತಿರುಗಿಸುತ್ತಾರೆ.

ನನ್ನ ದೊಡ್ಡ ಭಯ ಬೇರೆ. ಶಿರಾಡಿಯ ರಸ್ತೆ ನಿಮಗೆಲ್ಲ ಗೊತ್ತಲ್ಲ. ಆ ರಸ್ತೆ ಗುಂಡಿ, ಆ ಕುಲುಕಾಟಕ್ಕೆ ತಿರುಗುವ ಡಿಸ್ಕ್ ಉಳಿಯುತ್ತಾ?

ಡಿಸ್ಕ್ ರಿಪೇರಿ, ಎಸ್.ಪಿ. ರಸ್ತೆ

ಸರ್, ದಿನಾ ಸತ್ತ ಡಿಸ್ಕ್ ಬಿಚ್ಚುವ ಕೆಲಸ ನನ್ನದು, ಅದಕ್ಕೇ ವಿವರವಾಗಿ ಹೇಳುತ್ತೇನೆ.

ಡಿಸ್ಕ್ ಒಳಗೆ ತಟ್ಟೆ ನಿಮಿಷಕ್ಕೆ 4,200 ಅಥವಾ 5,400 ಸುತ್ತು ತಿರುಗುತ್ತೆ. ಓದುವ ಹೆಡ್ ಅದನ್ನು ಮುಟ್ಟಲ್ಲ, ತಿರುಗುವ ಗಾಳಿಯ ಮೇಲೆ ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರದಲ್ಲಿ ತೇಲುತ್ತೆ. ಜೋರಾಗಿ ಕುಲುಕಿದಾಗ ತಟ್ಟೆಗೆ ತಾಗಿದರೆ ಗೀರು. ಆದರೆ ಡಿಸ್ಕ್ ನಿಂತು ಹೆಡ್ ಬದಿಗೆ ಸರಿದಿದ್ದರೆ ಅದೇ ಡಿಸ್ಕ್ ಎರಡು ಪಟ್ಟಿಗಿಂತ ಹೆಚ್ಚಿನ ಏಟು ತಡೆಯುತ್ತೆ. ಹಾಗಾಗಿ ಒಳ್ಳೆಯ ಪ್ಲೇಯರ್ ಡಿಸ್ಕನ್ನು ಆದಷ್ಟು ಮಲಗಿಸಿಯೇ ಇಡುತ್ತೆ. ಮುಂದಿನ ಹಾಡುಗಳನ್ನು ಒಟ್ಟಿಗೆ ಓದಿ ಮೆಮೊರಿಗೆ ತುಂಬಿಕೊಂಡು ಡಿಸ್ಕ್ ನಿಲ್ಲಿಸಿಬಿಡುತ್ತೆ. ಹಾಡು ಬರುವುದು ಮೆಮೊರಿಯಿಂದ.

ಈಗ ನಿಮ್ಮ ಲೆಕ್ಕ ನೋಡಿ. 192 ಕೆಬಿಪಿಎಸ್ ಗುಣಮಟ್ಟದ ಎಂಪಿ3 ನಿಮಿಷಕ್ಕೆ ಸುಮಾರು 1.4 ಎಂಬಿ. 32 ಎಂಬಿ ಮೆಮೊರಿಯ ಐಪಾಡ್ ಒಮ್ಮೆ ತುಂಬಿಕೊಂಡರೆ ಕಾಲು ಗಂಟೆ ಡಿಸ್ಕ್ ಮುಟ್ಟಬೇಕಿಲ್ಲ. ನಿಮ್ಮ ಫ್ಲ್ಯಾಕ್ ನಿಮಿಷಕ್ಕೆ 5 ಎಂಬಿ. ಐದೈದು ನಿಮಿಷಕ್ಕೆ ಡಿಸ್ಕ್ ಏಳಬೇಕು. ಅಂದರೆ ಫ್ಲ್ಯಾಕ್ ಹಾಕಿದಷ್ಟೂ ಕಾರಿನಲ್ಲಿ ಡಿಸ್ಕ್‌ಗೆ ಅಪಾಯ ಜಾಸ್ತಿ. ಮೂಲ ಫ್ಲ್ಯಾಕ್ ಮನೆಯಲ್ಲಿರಲಿ. ಕಾರಿಗೆ 192ರ ಪ್ರತಿ ಮಾಡಿ. 400 ಕ್ಯಾಸೆಟ್, ಒಂದೊಂದು ಗಂಟೆ ಅಂದರೆ ಸುಮಾರು 35 ಜಿಬಿಯಲ್ಲಿ ಎಲ್ಲ ಮುಗಿಯುತ್ತೆ. 80 ಕಿಲೋಮೀಟರ್ ವೇಗದಲ್ಲಿ ಟಯರ್ ಸದ್ದಿನ ನಡುವೆ ಕ್ಯಾಸೆಟ್‌ನಿಂದ ಇಳಿಸಿದ ಹಾಡಿನಲ್ಲಿ ವ್ಯತ್ಯಾಸ ಯಾರಿಗೂ ತಿಳಿಯಲ್ಲ. ಐಪಾಡ್ ಫ್ಲ್ಯಾಕ್ ನುಡಿಸುವುದೂ ಇಲ್ಲ, ಅದಕ್ಕೆ ರಾಕ್‌ಬಾಕ್ಸ್ ಅನ್ನುವ ಬೇರೆ ಸಾಫ್ಟ್‌ವೇರ್ ಹಾಕಬೇಕು.

ರಸ್ತೆ ಗುಂಡಿಗಿಂತ ಬಿಸಿಲು ಕೆಟ್ಟದ್ದು. ಐಪಾಡ್ ಕೆಲಸ ಮಾಡಬೇಕಾದ ಶಾಖ 35 ಡಿಗ್ರಿವರೆಗೆ, ಸುಮ್ನೆ ಇಡುವುದಕ್ಕೆ 45. ಮಾಮೂಲಿ ಲ್ಯಾಪ್‌ಟಾಪ್ ಡಿಸ್ಕ್ 55, 60ರವರೆಗೆ ಕೆಲಸ ಮಾಡುತ್ತೆ. ಏಪ್ರಿಲ್‌ನಲ್ಲಿ ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಇದನ್ನೆಲ್ಲ ದಾಟಿಬಿಡುತ್ತೆ. ಕಾರು ಕಂಪನಿಗಳು ನ್ಯಾವಿಗೇಶನ್‌ಗೆ ಹಾಕುತ್ತಿದ್ದ ಡಿಸ್ಕೇ ಬೇರೆ. ತೊಷಿಬಾ ಮಾಡುತ್ತಿದ್ದ ಆ ಜಾತಿಯ ಡಿಸ್ಕ್ ಮೈನಸ್ 30ರಿಂದ 85 ಡಿಗ್ರಿವರೆಗೆ ತಡೆಯುತ್ತಿತ್ತು. ಅಂಗಡಿಯಲ್ಲಿ ಸಿಗುವ ಪೋರ್ಟಬಲ್ ಡಿಸ್ಕ್ ಆ ಜಾತಿಯಲ್ಲ. ಡ್ಯಾಶ್ ಮೇಲೆ ಇಡಬೇಡಿ, ಸೀಟಿನ ಕೆಳಗೆ ಇಡಿ, ಇಳಿಯುವಾಗ ಕೈಯಲ್ಲಿ ತೆಗೆದುಕೊಂಡು ಹೋಗಿ.

ಲಡಾಖ್‌ಗೆ ಕಾರು ಓಡಿಸುವವರಿಗೂ ಒಂದು ಮಾತು. ಹೆಡ್ ತೇಲುವುದು ಗಾಳಿಯ ಮೇಲೆ ಅಂದೆನಲ್ಲ. ಮಾಮೂಲಿ ಡಿಸ್ಕ್‌ಗಳ ಮಿತಿ ಸುಮಾರು 3,000 ಮೀಟರ್. ಲೇಹ್ ಊರೇ 3,500 ಮೀಟರ್ ಮೇಲಿದೆ, ಖರ್ದುಂಗ್ ಲಾ 5,359. ಅಲ್ಲಿ ಗಾಳಿ ತೆಳು, ಹೆಡ್ ಕೆಳಗೆ ಇಳಿಯುತ್ತೆ. ಅಲ್ಲಿಗೆ ಪೆನ್ ಡ್ರೈವ್ ಒಯ್ಯಿರಿ.

ಕುಂದಾಪ್ರ ಬಯಲಾಟ

ಯಕ್ಷಗಾನ ಇದೆ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ನಾಲ್ಕು ವರ್ಷದಿಂದ ಸ್ಟೀರಿಯೋಗೆ 500 ಜಿಬಿ ಯುಎಸ್‌ಬಿ ಡಿಸ್ಕ್ ಹಾಕಿ ಓಡಾಡುತ್ತಿದ್ದೇನೆ. ನಡೆಯುತ್ತೆ, ಆದರೆ ನೆಮ್ಮದಿ ಇಲ್ಲ.

ಮೊದಲು ಸ್ಟೀರಿಯೋದ ಯುಎಸ್‌ಬಿ ತೂತು ಕೊಡುವ ಕರೆಂಟ್ 500 ಮಿಲಿ ಆಂಪ್. ಡಿಸ್ಕ್ ಏಳುವಾಗ ಅದರ ಎರಡರಷ್ಟು ಕೇಳುತ್ತೆ. ಟಿಕ್ ಟಿಕ್ ಅಂತ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಎರಡು ಬಾಲದ ಕೇಬಲ್ ಹಾಕಿ ಇನ್ನೊಂದು ಕಡೆಯಿಂದಲೂ ಕರೆಂಟ್ ಕೊಟ್ಟ ಮೇಲೆ ಎದ್ದಿತು. ಆಮೇಲೆ ಫಾರ್ಮ್ಯಾಟ್, ಅಂದರೆ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ. ಎನ್‌ಟಿಎಫ್‌ಎಸ್ ಓದಲಿಲ್ಲ, ಫ್ಯಾಟ್32 ಬೇಕಂತೆ. ವಿಂಡೋಸ್ 32 ಜಿಬಿಗಿಂತ ದೊಡ್ಡದನ್ನು ಹಾಗೆ ಫಾರ್ಮ್ಯಾಟ್ ಮಾಡಲು ಬಿಡಲಿಲ್ಲ, ಬೇರೆ ಸಾಫ್ಟ್‌ವೇರ್ ಹುಡುಕಬೇಕಾಯಿತು.

ಇಷ್ಟೆಲ್ಲ ಆದರೂ ಪ್ರತಿ ಸಲ ಕೀ ತಿರುಗಿಸಿದಾಗ ಅದು ಇಡೀ ಡಿಸ್ಕನ್ನು ಮೊದಲಿಂದ ಎಣಿಸುತ್ತೆ. ನನ್ನ ಸ್ಟೀರಿಯೋಗೆ ಮೂರು ನಿಮಿಷ ಬೇಕು. ಅಂಗಡಿಗೆ ಹೋಗಿ ಹಾಲು ತರುವಷ್ಟರಲ್ಲಿ ಹಾಡೇ ಬಂದಿರಲ್ಲ. ಹಾಡುಗಳ ಕ್ರಮವೂ ಅಷ್ಟೇ. ಹೆಸರಿನ ಪ್ರಕಾರ ಅಲ್ಲ, ಡಿಸ್ಕ್‌ಗೆ ಯಾವುದು ಮೊದಲು ಹೋಯಿತೋ ಆ ಕ್ರಮ. ಪ್ರಸಂಗದ ಮೂರನೇ ಭಾಗ ಮುಗಿದು ಒಂದನೇ ಭಾಗ ಬಂದರೆ ಹೇಗಿರುತ್ತೆ? ಯುದ್ಧ ಮುಗಿದ ಮೇಲೆ ಒಡ್ಡೋಲಗ! ಫೈಲ್‌ಗಳ ಕ್ರಮ ಸರಿ ಮಾಡುವ ಸಣ್ಣ ಸಾಫ್ಟ್‌ವೇರ್‌ಗಳಿವೆ, ಹಾಡು ಸೇರಿಸಿದಾಗಲೆಲ್ಲ ಅದನ್ನು ಓಡಿಸಬೇಕು.

ಭಾಗಗಳ ನಡುವೆ ಒಂದು ಕ್ಷಣ ಖಾಲಿ ಬರುವುದು ಇನ್ನೊಂದು ನೋವು. ಭಾಗವತರು ದನಿ ಎತ್ತಿದಾಗ ಸರಿಯಾಗಿ ಅಲ್ಲಿ ಕಡಿಯುತ್ತೆ. ಕ್ಯಾಸೆಟ್‌ನ ಒಂದು ಬದಿಯನ್ನು ಒಂದೇ ಫೈಲ್ ಆಗಿ ಬಿಡಿ, ತುಂಡು ಮಾಡಬೇಡಿ.

ಬೆಸುಗೆ ಕಡ್ಡಿ

ನಾನು ಹೇಳುವುದು ಐಪಾಡ್, ಆದರೆ ಡಿಸ್ಕ್ ತೆಗೆದುಹಾಕಿದ ಐಪಾಡ್.

ಮೊದಲ ಐಪಾಡ್ 2001ರ ಅಕ್ಟೋಬರ್‌ನಲ್ಲಿ ಬಂದಾಗ 5 ಜಿಬಿ. ಕೊನೆಯ ಕ್ಲಾಸಿಕ್ 160 ಜಿಬಿ, 2014ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಒಳಗೆ ಇರುವುದು 1.8 ಇಂಚಿನ ಡಿಸ್ಕ್, ಅದು ಈಗ ಹೊಸದು ಸಿಗಲ್ಲ. ಆದರೆ ಐದನೇ ತಲೆಮಾರಿನ ವಿಡಿಯೋ ಐಪಾಡ್ ಮತ್ತು ಕ್ಲಾಸಿಕ್‌ಗಳಿಗೆ ಐಫ್ಲ್ಯಾಶ್ ಅನ್ನುವ ಸಣ್ಣ ಬೋರ್ಡ್ ಬರುತ್ತೆ. ಡಿಸ್ಕ್ ತೆಗೆದು ಅದನ್ನು ಹಾಕಿ, ಮೇಲೆ ಎಸ್‌ಡಿ ಕಾರ್ಡ್ ಕೂರಿಸಿದರೆ ಮುಗಿಯಿತು. ತಿರುಗುವುದು ಏನೂ ಇಲ್ಲ. ಗುಂಡಿ, ಘಾಟಿ, ಖರ್ದುಂಗ್ ಲಾ ಯಾವ ಭಯವೂ ಇಲ್ಲ. ಬಿಸಿಲಿನ ಭಯ ಮಾತ್ರ ಉಳಿಯುತ್ತೆ, ಬ್ಯಾಟರಿ ಇದೆಯಲ್ಲ.

ಕ್ಲಾಸಿಕ್‌ಗಿಂತ ವಿಡಿಯೋ ಐಪಾಡ್ ಬಿಚ್ಚುವುದು ಸುಲಭ. ಕ್ಲಾಸಿಕ್‌ನ ಮುಂಭಾಗ ಲೋಹ, ತೆಗೆಯುವಾಗ ಬಗ್ಗುತ್ತೆ. ಹೆಡ್‌ಫೋನ್ ತೂತಿನಿಂದ ತಂತಿ ಎಳೆಯಬೇಡಿ, ಕೆಳಗೆ ಚಾರ್ಜ್ ಮಾಡುವ ಡಾಕ್ ತೂತಿನಿಂದ ಲೈನ್ ಔಟ್ ತೆಗೆಯಿರಿ, ದನಿ ಸ್ವಚ್ಛ. ಹಾಡನ್ನು ಕಾರಿನ ರೇಡಿಯೋಗೆ ಕಳಿಸುವ ಎಫ್ಎಂ ಟ್ರಾನ್ಸ್‌ಮಿಟರ್ ಅಂತೂ ಬೇಡವೇ ಬೇಡ. ಬೆಂಗಳೂರಿನಲ್ಲಿ ಎಫ್ಎಂ ಪಟ್ಟಿಯ ಎಲ್ಲ ಕಡೆ ಸ್ಟೇಷನ್ ತುಂಬಿದೆ. ನೆಲಮಂಗಲ ದಾಟುವವರೆಗೂ ನಿಮ್ಮ ಹಾಡಿನ ಮೇಲೆ ಬೇರೆಯವರ ಜಾಹೀರಾತು ಕೇಳಬೇಕಾಗುತ್ತೆ.

ನಾಲ್ಕನೇ ಗೇರ್

ಇದು ಸರಿಯಾದ ದಾರಿ ಅನ್ನಿಸುತ್ತೆ. ಆದರೆ ಎಸ್ಟೀಮ್ ಅವರೇ, ಹಾಡು ತುಂಬುವ ಮುಂಚೆ ಟ್ಯಾಗ್, ಅಂದರೆ ಫೈಲ್ ಒಳಗೆ ಬರೆದಿಡುವ ಗಾಯಕರ ಹೆಸರು, ಆಲ್ಬಮ್ ಹೆಸರು ಎಲ್ಲ ಸರಿ ಮಾಡಿಕೊಳ್ಳಿ. ಇದನ್ನು ಯಾರೂ ಹೇಳಲ್ಲ, ಆಮೇಲೆ ಎಲ್ಲರೂ ಅನುಭವಿಸುತ್ತಾರೆ. ನಾವು ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇವೆ. ಅಶ್ವಥ್ ಅಂತ ಒಮ್ಮೆ 'ವಿ' ಹಾಕಿ ಬರೆಯುತ್ತೇವೆ, ಒಮ್ಮೆ 'ಡಬ್ಲ್ಯೂ' ಹಾಕಿ, ಕೊನೆಗೆ 'ಎಚ್' ಇದ್ದೂ ಇಲ್ಲದೆಯೂ. ಪ್ಲೇಯರ್‌ನಲ್ಲಿ ಒಬ್ಬ ಗಾಯಕರು ನಾಲ್ಕು ಜನ ಆಗಿಬಿಡುತ್ತಾರೆ, ಹಾಡುಗಳು ನಾಲ್ಕು ಕಡೆ ಹಂಚಿಹೋಗುತ್ತವೆ. ಘಾಟಿಯಲ್ಲಿ ಗಾಡಿ ಓಡಿಸುತ್ತಾ ಹುಡುಕಲು ಆಗುತ್ತಾ? ಒಂದು ಕಾಗುಣಿತ ಆರಿಸಿ ಅದನ್ನೇ ಎಲ್ಲ ಕಡೆ ಹಾಕಿ. ಸಿನಿಮಾ ಹಾಡಿಗೆ ಆಲ್ಬಮ್ ಜಾಗದಲ್ಲಿ ಸಿನಿಮಾ ಹೆಸರು ಬರಲಿ, ನಾವು ಹುಡುಕುವುದೇ ಹಾಗೆ.

ವೈರಿಂಗ್ ಮೇಷ್ಟ್ರು

ಕನ್ನಡ ಅಕ್ಷರದಲ್ಲೇ ಬರೆದರೆ?

ನಾಲ್ಕನೇ ಗೇರ್

ನನ್ನ ಆಸೆಯೂ ಅದೇ ಮೇಷ್ಟ್ರೇ. ನನ್ನ ಈಗಿನ ಸ್ಟೀರಿಯೋದಲ್ಲಿ ಬರೆದು ನೋಡಿದೆ, ಸಾಲಾಗಿ ಖಾಲಿ ಚೌಕಗಳು ಬಂದವು. ಮನೆಯ ಮೂಲ ಪ್ರತಿಯಲ್ಲಿ ಕನ್ನಡದಲ್ಲೇ ಇಟ್ಟಿದ್ದೇನೆ. ಕಾರಿನ ಪ್ರತಿಯಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ.

ಹಳೇ ಎಸ್ಟೀಮ್

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ಸಹಾಯ ಮಾಡಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಚಿಕ್ಕಪ್ಪನ ಮಗ 30 ಜಿಬಿಯ ವಿಡಿಯೋ ಐಪಾಡ್ ತಂದ. ಬೆಸುಗೆ ಕಡ್ಡಿ ಹೇಳಿದಂತೆ ಡಿಸ್ಕ್ ತೆಗೆದು 64 ಜಿಬಿ ಕಾರ್ಡ್ ಹಾಕಿದೆ. ಹೊರಗಿನ ಪ್ಲೇಯರ್ ಸಿಕ್ಕಿಸುವ ಆಕ್ಸ್ ತೂತಿರುವ ಸಾಧಾರಣ ಸ್ಟೀರಿಯೋ ಒಂದನ್ನು ಹಾಕಿಸಿದೆ. ಮೊದಲು ಕುಯ್ಯ್ ಸದ್ದು ಬಂತು, ಗ್ರೌಂಡ್ ಒಂದೇ ಬೋಲ್ಟ್‌ಗೆ ಕೊಟ್ಟ ಮೇಲೆ ಹೋಯಿತು. ಯಕ್ಷಗಾನ ಮತ್ತು ಹಿಂದೂಸ್ತಾನಿಯನ್ನು ಬದಿಗೊಂದು ಫೈಲ್ ಮಾಡಿದೆ. ಉಳಿದದ್ದಕ್ಕೆ ಟ್ಯಾಗ್ ಸರಿ ಮಾಡಲು ಆರು ವಾರ ಹಿಡಿಯಿತು.

ಹೋದ ಶನಿವಾರ ಅಮ್ಮನನ್ನು ಕರೆದುಕೊಂಡು ಬೆಂಗಳೂರಿಗೆ ಬಂದೆ. ಗುಂಡ್ಯ ದಾಟಿದ ಮೇಲೆ ಐಪಾಡ್ ಅವರ ಕೈಗೆ ಕೊಟ್ಟು ಚಕ್ರ ಹೇಗೆ ತಿರುಗಿಸುವುದು ಅಂತ ತೋರಿಸಿದೆ. ಸ್ವಲ್ಪ ಹೊತ್ತು ತಿರುಗಿಸಿದರು. ಆಮೇಲೆ, "ಆ ಹಸಿರು ಕವರಿನ ಕ್ಯಾಸೆಟ್ ಇತ್ತಲ್ಲ ಮಗಾ, ನಿಮ್ಮಪ್ಪ ಹುಬ್ಬಳ್ಳಿಯಿಂದ ತಂದಿದ್ದು, ಅದು ಎಲ್ಲಿದೆ?" ಅಂದರು. ಗಾಯಕರ ಹೆಸರು ಅವರಿಗೆ ನೆನಪಿಲ್ಲ, ಹಾಡಿನ ಹೆಸರೂ ಇಲ್ಲ. ನನ್ನ ಆರು ವಾರದ ಟ್ಯಾಗ್‌ನಲ್ಲಿ ಹಸಿರು ಅನ್ನುವುದು ಎಲ್ಲೂ ಇರಲಿಲ್ಲ.

ಮನೆಗೆ ಬಂದು ಕ್ಯಾಸೆಟ್ ಪೆಟ್ಟಿಗೆ ಕೆಳಗಿಳಿಸಿದ್ದೇನೆ. ಒಂದೊಂದನ್ನೇ ಅಮ್ಮನ ಮುಂದೆ ಇಡುತ್ತೇನೆ. ಕವರಿನ ಬಣ್ಣ, ಯಾವ ಊರಿನಿಂದ ತಂದದ್ದು, ಅವರಿಗೆ ನೆನಪಿದ್ದಷ್ಟು ಹೇಳುತ್ತಾರೆ. ಟ್ಯಾಗ್‌ನಲ್ಲಿ ಭಾವಗೀತೆ, ಯಕ್ಷಗಾನ ಅಂತ ಹಾಡಿನ ಬಗೆ ಬರೆಯುವ ಜಾಗದಲ್ಲಿ ಅದನ್ನು ಸೇರಿಸುತ್ತಿದ್ದೇನೆ. ಇವತ್ತಿಗೆ 43 ಕ್ಯಾಸೆಟ್ ಆಯಿತು. ಹಸಿರು ಕವರಿನವು ಅದರಲ್ಲೇ ಆರು ಸಿಕ್ಕಿವೆ.